ಅಲ್ಪಾಯುಸ್ಸಿನ ಕಾರಣವನ್ನರಸಿ: ಅಮೆರಿಕದ ಸಮಾಜಕಾರ್ಯ ನಡೆದ ದಾರಿ

ಅಮೆರಿಕದ ಕಪ್ಪುಜನರು ಬಿಳಿಯರಿಗಿಂತ ಬೇಗನೆ ಮರಣ ಹೊಂದುವುದೇಕೆ ಎಂಬ ಪ್ರಶ್ನೆಗೆ ಹತ್ತೊಂಬತ್ತನೆಯ ಶತಮಾನದ ಅಂತ್ಯದಲ್ಲಿ ಅಲ್ಲಿನ ಅನೇಕ ವಿದ್ವಾಂಸರು ರಕ್ತದ ದೋಷವೇ ಕಾರಣವೆಂದು ಉತ್ತರ ಕೊಟ್ಟು ನಿಶ್ಚಿಂತರಾಗಿದ್ದರು. ಪ್ರುಡೆನ್ಷಿಯಲ್ ವಿಮಾ ಸಂಸ್ಥೆಯ ಅಂಕಿಅಂಶತಜ್ಞನಾದ ಫ್ರೆಡರಿಕ್ ಹಾಫ್‌ಮನ್ 1896ರಲ್ಲಿ ಮರಣದ ಕೋಷ್ಟಕಗಳನ್ನು ಮುಂದಿಟ್ಟು, ಈ ಜನಾಂಗವು ತನ್ನ ಹುಟ್ಟುಗುಣದಿಂದಲೇ ಕ್ಷಯಿಸುತ್ತಿದೆಯೆಂದು ವಾದಿಸಿದನು. ಅದೇ ವರ್ಷ ಡಬ್ಲ್ಯೂ. ಇ. ಬಿ. ಡುಬಾಯ್ಸ್ ಎಂಬ ತರುಣ ಕಪ್ಪು ವಿದ್ವಾಂಸರು ಫಿಲಡೆಲ್ಫಿಯಾದ ಏಳನೆಯ ವಾರ್ಡಿನಲ್ಲಿ ನವವಧುವಿನೊಡನೆ ಬಿಡಾರ ಹೂಡಿ, ಪ್ರಶ್ನಾವಳಿಯನ್ನು ಹಿಡಿದು ಮನೆಮನೆಯ ಬಾಗಿಲು ತಟ್ಟತೊಡಗಿದರು. ಅವರು ಲೆಕ್ಕವಿಟ್ಟ 2,441 ಕುಟುಂಬಗಳಲ್ಲಿ ಸ್ನಾನಗೃಹ, ಶೌಚಗೃಹಗಳ ಅನುಕೂಲವಿದ್ದುವು 334 ಮಾತ್ರ. ಆ 334ರಲ್ಲಿಯೂ ಹೆಚ್ಚಿನವಕ್ಕೆ ದೊರೆತ ಅನುಕೂಲವು ಹೆಸರಿಗಷ್ಟೆ. ಗಾಳಿಬೆಳಕಿಲ್ಲದ ಓಣಿ, ತೇವ ಹಿಡಿದ ಕೋಣೆ, ಕ್ಷಯ, ಕಡಮೆ ಕೂಲಿ ಇವೆಲ್ಲವೂ ಒಂದಕ್ಕೊಂದು ಹೆಣೆದುಕೊಂಡಿದ್ದುದನ್ನು 1899ರ ಅವರ ಗ್ರಂಥವು ಬೀದಿಬೀದಿಯಾಗಿ ತೋರಿಸಿತು. 1906ರಲ್ಲಿ ಅಟ್ಲಾಂಟದಿಂದ ಹೊರಟ ಅವರ ಇನ್ನೊಂದು ಅಧ್ಯಯನವು ಹಾಫ್‌ಮನ್ನನ ವಾದಕ್ಕೆ ನೇರವಾದ ಪ್ರತ್ಯುತ್ತರವನ್ನಿತ್ತಿತು. ಮುಂದೆ ಜನಾಂಗ ಮತ್ತು ಆರೋಗ್ಯದ ಈ ಕ್ಷೇತ್ರದಲ್ಲಿ ದುಡಿದ ಸಮಾಜಕಾರ್ಯದ ಪ್ರಾಧ್ಯಾಪಕರೆಲ್ಲರೂ, ನನ್ನ ಅಭಿಪ್ರಾಯದಲ್ಲಿ, ವೈದ್ಯರಿಗಿಂತ ಹೆಚ್ಚಾಗಿ ಡುಬಾಯ್ಸರಿಗೇ ಋಣಿಗಳು.

ಆದರೆ ಸಮಾಜಕಾರ್ಯದ ಈ ವಿದ್ಯೆಯನ್ನು ಕಲಿಸಲು ಮುಂದಾದವರ ಪಾಡು ಸುಗಮವಾಗಿರಲಿಲ್ಲ. ಕಪ್ಪು ವಿದ್ಯಾರ್ಥಿಗಳಿಗಾಗಿ 1920ರಲ್ಲಿ ಸ್ಥಾಪಿತವಾದ ಅಟ್ಲಾಂಟ ಸಮಾಜಕಾರ್ಯ ಶಾಲೆಯನ್ನು ಕಟ್ಟಿ ಬೆಳೆಸಿದ ಇ. ಫ್ರಾಂಕ್ಲಿನ್ ಫ್ರೇಜಿಯರ್, ವರ್ಣದ್ವೇಷವು ಉನ್ಮಾದವನ್ನು ಹೋಲುವ ಮನೋವಿಕಾರವೆಂದು 1927ರಲ್ಲಿ ಲೇಖನ ಬರೆದುದಕ್ಕಾಗಿ ಬಿಳಿಯರ ಕ್ರೋಧಕ್ಕೆ ಗುರಿಯಾಗಿ ಆ ಊರನ್ನೇ ಬಿಡಬೇಕಾಯಿತು.

ಇದಾದ ಐದು ವರ್ಷಗಳಲ್ಲಿ ಅಲಬಾಮದ ಮೇಕನ್ ಕೌಂಟಿಯಲ್ಲಿ ಸರಕಾರದ ಆರೋಗ್ಯ ಇಲಾಖೆಯೇ ಒಂದು ಘೋರ ಕೃತ್ಯಕ್ಕೆ ಕೈಹಾಕಿತು. ಸಿಫಿಲಿಸ್ ತಗುಲಿದ್ದ 399 ಮಂದಿ ಕಪ್ಪು ಪುರುಷರಿಗೆ ‘ರಕ್ತ ಕೆಟ್ಟಿದೆ’ ಎಂದಷ್ಟೇ ಹೇಳಿ, ಬಿಸಿಯೂಟವನ್ನೂ ಶವಸಂಸ್ಕಾರದ ಖರ್ಚನ್ನೂ ಕೊಡುವುದಾಗಿ ನಂಬಿಸಿ, ಪೆನಿಸಿಲಿನ್ ಬಳಕೆಗೆ ಬಂದ ಮೇಲೂ ಅದನ್ನು ಕೊಡದೆ, ರೋಗವು ದೇಹವನ್ನು ತಿನ್ನುವ ಬಗೆಯನ್ನು 1932ರಿಂದ 1972ರವರೆಗೆ ನೋಡುತ್ತ ಕುಳಿತರು. ಇದನ್ನು ಹೊರಗೆಡಹಿದವರು ಪೀಟರ್ ಬಕ್ಸ್‌ಟನ್. ಲೈಂಗಿಕ ರೋಗಿಗಳನ್ನು ಕಂಡು ಮಾತನಾಡಿಸುವುದೇ ಕೆಲಸವಾಗಿದ್ದ ಅದೇ ಇಲಾಖೆಯ ಸಾಮಾನ್ಯ ನೌಕರರು. ಅವರು 1966ರಲ್ಲಿಯೇ ಮೇಲಧಿಕಾರಿಗಳಿಗೆ ಬರೆದಿದ್ದರು, ಯಾರೂ ಕಿವಿಗೊಡಲಿಲ್ಲ. ಕಪ್ಪುಜನರಲ್ಲಿ ಆಸ್ಪತ್ರೆಯ ಬಗೆಗೆ ಇರುವ ಶಂಕೆಯನ್ನು ಅಜ್ಞಾನವೆಂದು ತಳ್ಳಿಹಾಕುವವರು ಈ ನಲವತ್ತು ವರ್ಷಗಳನ್ನು ನೆನೆಯಬೇಕು.

1968ರಲ್ಲಿ ಕಪ್ಪು ಸಮಾಜಕಾರ್ಯಕರ್ತರು ತಮ್ಮದೇ ಸಂಘವನ್ನು ಕಟ್ಟಿಕೊಂಡರು. 1985ರಲ್ಲಿ ಕಪ್ಪುಜನರ ಮತ್ತು ಇತರ ಅಲ್ಪಸಂಖ್ಯಾತರ ಆರೋಗ್ಯವನ್ನು ಕುರಿತ ಹೆಕ್ಲರ್ ವರದಿಯು, ಅಸಮಾನತೆಯಿಂದಾಗಿ ವರ್ಷಕ್ಕೆ ಸುಮಾರು 60,000 ಹೆಚ್ಚುವರಿ ಮರಣಗಳು ಸಂಭವಿಸುತ್ತಿವೆಯೆಂದು ಸರಕಾರದ ಬಾಯಿಂದಲೇ ಒಪ್ಪಿಸಿತು. ಅದರ ಬೆನ್ನಿಗೇ ಅಮೆರಿಕದ ಮೂಲನಿವಾಸಿಗಳಾದ ಲಕೋಟ ಜನಾಂಗದ ಪ್ರಾಧ್ಯಾಪಕಿ ಮರಿಯಾ ಯೆಲೋ ಹಾರ್ಸ್ ಬ್ರೇವ್ ಹಾರ್ಟ್, ನೆಲ ಕಳೆದುಕೊಂಡು, 1890ರ ವೂಂಡೆಡ್ ನೀ ಹತ್ಯಾಕಾಂಡವನ್ನು ಕಂಡು, ಮಕ್ಕಳನ್ನು ವಸತಿಶಾಲೆಗಳಿಗೆ ಒಪ್ಪಿಸಿ, ಸತ್ತವರಿಗಾಗಿ ಸಂಪ್ರದಾಯದಂತೆ ಶೋಕಿಸುವ ಹಕ್ಕನ್ನೂ ಕಳೆದುಕೊಂಡ ಜನರ ದುಃಖವು ತಲೆಮಾರುಗಳನ್ನು ದಾಟಿ ಮೊಮ್ಮಕ್ಕಳ ಕುಡಿತದಲ್ಲಿ, ಆತ್ಮಹತ್ಯೆಯಲ್ಲಿ ತಲೆಯೆತ್ತುವುದೆಂದು ಪ್ರತಿಪಾದಿಸಿದರು. ಈ ‘ಐತಿಹಾಸಿಕ ಆಘಾತ’ದ ವಿಚಾರವು ಕ್ಷೇತ್ರಕ್ಕೆ ಹೊಸ ಆಳವನ್ನು ತಂದಿತು.

ಈ ಪರಂಪರೆಗೆ ವಿಶ್ವವಿದ್ಯಾಲಯದೊಳಗೆ ಒಂದು ನೆಲೆಯನ್ನು ಕಲ್ಪಿಸಿದವರು, 2021ರಲ್ಲಿ ಗತಿಸಿದ ಲ್ಯಾರಿ ಡೇವಿಸ್. ಮಿಷಿಗನ್ನಿನಲ್ಲಿ ಸಮಾಜಕಾರ್ಯ, ಮನಶ್ಶಾಸ್ತ್ರಗಳೆರಡರಲ್ಲಿಯೂ ಡಾಕ್ಟರೇಟ್ ಪಡೆದು, ಎರಡು ದಶಕಕ್ಕೂ ಹೆಚ್ಚು ಕಾಲ ಸೇಂಟ್ ಲೂಯಿಸ್‌ನಲ್ಲಿ ಬೋಧಿಸಿ, ಪಿಟ್ಸ್‌ಬರ್ಗಿನಲ್ಲಿ ಡೀನರಾದ ಮರುವರ್ಷವೇ, ಅಂದರೆ 2002ರಲ್ಲಿ, ಅವರು ಜನಾಂಗ ಮತ್ತು ಸಾಮಾಜಿಕ ಸಮಸ್ಯೆಗಳ ಅಧ್ಯಯನ ಕೇಂದ್ರವನ್ನು ತೆರೆದರು. 2009ರಲ್ಲಿ ಅದರ ಪತ್ರಿಕೆ ಹುಟ್ಟಿತು. ಉದ್ಯೋಗ, ಶಿಕ್ಷಣ, ಸೆರೆಮನೆ, ಮನಸ್ಸಿನ ಆರೋಗ್ಯ ಇವನ್ನು ಬೇರೆಬೇರೆ ಇಲಾಖೆಗಳ ಕಾಗದಗಳಂತೆ ನೋಡದೆ ಒಂದೇ ಸಂಕಟದ ಮುಖಗಳೆಂದು ನೋಡಿದುದು ಆ ಕೇಂದ್ರದ ಹಿರಿಮೆಯೆಂದು ನಾನು ಭಾವಿಸುತ್ತೇನೆ. ಇಷ್ಟಾದರೂ 2016ರಲ್ಲಿ ಆ ದೇಶದ ಸಮಾಜಕಾರ್ಯ ಅಕಾಡೆಮಿಯು ತನ್ನ ವೃತ್ತಿಯ ಮುಂದಿರುವ ಹನ್ನೆರಡು ಮಹಾಸವಾಲುಗಳನ್ನು ಸಾರಿದಾಗ ಜನಾಂಗದ್ವೇಷಕ್ಕೆ ಪ್ರತ್ಯೇಕ ಸ್ಥಾನವಿರಲಿಲ್ಲ. ಅದರ ನಿರ್ಮೂಲನವು ಹದಿಮೂರನೆಯದಾಗಿ ಸೇರಿದುದು 2020ರಲ್ಲಿ. ಇಷ್ಟು ವಿಳಂಬವು ಆ ವೃತ್ತಿಗೆ ಶೋಭೆಯಲ್ಲ.