ಸುಡುಲೇಖನಿಯ ಮೊನೆಗಳು

ಸುಡುಲೇಖನಿಯ ಮೊನೆ ಎಂದರೆ ಮರ, ಚರ್ಮ ಅಥವಾ ಸೋರೆಬುರುಡೆಯ ಮೇಲೆ ಬಿಸಿಯಿಂದ ಚಿತ್ರ ಮತ್ತು ಅಕ್ಷರಗಳನ್ನು ಮೂಡಿಸುವ ಉಪಕರಣದ ತುದಿಭಾಗ. ಈ ಕಲೆಗೆ ಪೈರೋಗ್ರಫಿ ಎಂದು ಹೆಸರು. ಗ್ರೀಕ್ ಮೂಲದ ಈ ಪದಕ್ಕೆ 'ಬೆಂಕಿಯ ಬರಹ' ಎಂದು ಅರ್ಥ. ಸುಟ್ಟ ಗೆರೆಯನ್ನು ಅಳಿಸಲು ಬರುವುದಿಲ್ಲ. ಕೆರೆದು ತೆಗೆದರೆ ಮರದಲ್ಲಿ ತಗ್ಗು ಉಳಿಯುತ್ತದೆ. ಆದುದರಿಂದ ಸೂಕ್ಷ್ಮ ಕೆಲಸಕ್ಕೂ, ಎಲ್ಲ ಮುಗಿದ ಮೇಲೆ ಹಾಕುವ ಸಹಿಗೂ ತಕ್ಕ ಮೊನೆಯನ್ನು ಆರಿಸಿಕೊಳ್ಳುವುದು ಮುಖ್ಯವಾಗುತ್ತದೆ.

ಹಿನ್ನೆಲೆ

ವಿದ್ಯುತ್ ಉಪಕರಣಗಳು ಬರುವ ಮೊದಲು ಕಬ್ಬಿಣದ ಸಲಾಕೆಯನ್ನು ಕೆಂಡದಲ್ಲಿ ಕಾಯಿಸಿ ಚಿತ್ರ ಬರೆಯುತ್ತಿದ್ದರು. ಹತ್ತೊಂಬತ್ತನೆಯ ಶತಮಾನದ ಶಿಲ್ಪಿ ರಾಬರ್ಟ್ ಬಾಲ್ ಹ್ಯೂಸ್ ಅಮೆರಿಕದಲ್ಲಿ ಇಂತಹ ಸಲಾಕೆಯ ಚಿತ್ರಗಳಿಂದಲೂ ಹೆಸರಾದವನು. ಸಲಾಕೆ ಬೇಗ ಆರುತ್ತಿದ್ದುದರಿಂದ ಒಂದೇ ಸಮನಾದ ಗೆರೆ ಎಳೆಯುವುದು ಕಷ್ಟವಾಗಿತ್ತು.

ರಚನೆ

ಇಂದಿನ ಲೇಖನಿಗಳಲ್ಲಿ ಎರಡು ಬಗೆ. ಮೊದಲನೆಯದು ಬೆಸುಗೆ ಕಡ್ಡಿಯನ್ನು ಹೋಲುವ ಗಟ್ಟಿಮೊನೆಯ ಲೇಖನಿ. ಇದರ ಹಿತ್ತಾಳೆಯ ಮೊನೆಗಳನ್ನು ತಿರುಗಿಸಿ ಕೂರಿಸುತ್ತಾರೆ. ಕಾಯಲು ಕೆಲವು ನಿಮಿಷ ಬೇಕು, ಆರಲು ಇನ್ನೂ ಹೆಚ್ಚು. ಬಿಸಿಯಿರುವಾಗ ಮೊನೆ ಬದಲಿಸಹೊರಟರೆ ಮೆತ್ತಗಾದ ಹಿತ್ತಾಳೆಯ ತಿರುಪು ಹಾಳಾಗಬಹುದು. ಎರಡನೆಯದು ತಂತಿಮೊನೆಯ ಲೇಖನಿ. ನಿಕಲ್ ಮತ್ತು ಕ್ರೋಮಿಯಂಗಳ ಮಿಶ್ರಲೋಹವಾದ ನೈಕ್ರೋಮ್ ತಂತಿಯ ಮೂಲಕ ಕಡಿಮೆ ವೋಲ್ಟೇಜಿನಲ್ಲಿ ಹೆಚ್ಚು ವಿದ್ಯುತ್ಪ್ರವಾಹ ಹರಿದಾಗ ತಂತಿಯೇ ಕಾಯುತ್ತದೆ. ಇದು ಕ್ಷಣಗಳಲ್ಲಿ ಕಾದು ಅಷ್ಟೇ ಬೇಗ ಆರುತ್ತದೆ, ಬಿಸಿಯನ್ನು ಗುಂಡಿ ತಿರುಗಿಸಿ ಹೊಂದಿಸಬಹುದು. ಬೆಲೆ ಹೆಚ್ಚಾದರೂ ಸೂಕ್ಷ್ಮ ಕೆಲಸಕ್ಕೆ ಇದೇ ಮೇಲು.

ಮೊನೆಯ ಆಯ್ಕೆ

ತೆಳುವಾದ ಮೊನೆಯಲ್ಲಿ ಶಾಖದ ಸಂಗ್ರಹ ಕಡಿಮೆ. ಮರವನ್ನು ಮುಟ್ಟಿದೊಡನೆ ಅದು ತಣಿಯುತ್ತದೆ, ಎತ್ತಿದೊಡನೆ ಮತ್ತೆ ಕಾಯುತ್ತದೆ. ಗೆರೆಯ ಆರಂಭದಲ್ಲಿ ಕಪ್ಪು ಚುಕ್ಕೆ ಬೀಳುವುದು ಈ ಕಾರಣದಿಂದ. ಬಿಸಿ ತಗ್ಗಿಸಿ ನಿಧಾನವಾಗಿ ಎಳೆಯುವುದು, ಪ್ರತಿ ಗೆರೆಗೂ ಮೊದಲು ಮೊನೆಯನ್ನು ಬೇರೊಂದು ಮರದ ತುಂಡಿಗೆ ಮುಟ್ಟಿಸುವುದು ಇದಕ್ಕೆ ಪರಿಹಾರ.

ಕೂದಲು, ಗರಿಯ ಎಳೆ, ನೇರ ಅಂಚು ಇವುಗಳಿಗೆ ಓರೆಯಲಗಿನ ಚಾಕುಮೊನೆ ಸೂಕ್ತ. ಆದರೆ ಅಲಗು ತಾನು ಹಿಡಿದ ದಾರಿಯನ್ನು ಸುಲಭವಾಗಿ ಬಿಡದು, ತಿರುವಿನಲ್ಲಿ ಮರವನ್ನು ಸೀಳುತ್ತದೆ. ಬರಹಕ್ಕೆ ಬೇಕಾದುದು ಗುಂಡುಮೊನೆ. ತುದಿಯಲ್ಲಿ ಪುಟ್ಟ ಗೋಳವಿರುವ ಇದು ಯಾವ ದಿಕ್ಕಿಗೂ ಒಂದೇ ರೀತಿ ಜಾರುತ್ತದೆ. ಸೂಜಿಮೊನೆ ಮರದ ಎಳೆಗಳಲ್ಲಿ ಸಿಕ್ಕಿಕೊಳ್ಳುವುದರಿಂದ ಚುಕ್ಕೆಗಳಿಗೆ ಮಾತ್ರ ಒಳ್ಳೆಯದು. ಚಪ್ಪಟೆ ಮೊನೆಗಳು ನೆರಳು ತುಂಬಲು.

ಸಹಿ

ಗುಂಡುಮೊನೆಯ ಅನುಕೂಲ ಕನ್ನಡದಂತಹ ದುಂಡಗಿನ ಲಿಪಿಯಲ್ಲಿ ಎದ್ದು ಕಾಣುತ್ತದೆ. ಆದರೆ ಮೊನೆ ದಪ್ಪವಾಗಿದ್ದರೆ ಅಕ್ಷರದ ಒಳಜಾಗ ಕರಿದಾಗಿ ತುಂಬಿಕೊಳ್ಳುತ್ತದೆ. 'ದ'ಕಾರ 'ಧ'ಕಾರಗಳ, 'ಪ'ಕಾರ 'ಫ'ಕಾರಗಳ ವ್ಯತ್ಯಾಸ ತೋರುವ ಕಿರುಗೀಟು ಮರೆಯಾಗಿ ಹೆಸರೇ ಬೇರೆಯಾಗಬಹುದು. ಒತ್ತಕ್ಷರಗಳಿಗೆ ಅಕ್ಷರದ ಕೆಳಗೆ ಸ್ಥಳ ಬಿಡಬೇಕಾದುದರಿಂದ ಸಹಿಯನ್ನು ಮೊದಲು ಪೆನ್ಸಿಲಿನಲ್ಲಿ ಬರೆದು ನೋಡುವುದು ಲೇಸು.

ಅದೇ ಜಾತಿಯ ಮರದ ತುಂಡಿನ ಮೇಲೆ ಅಭ್ಯಾಸ ಮಾಡಬೇಕು. ಪೈನ್ ಮರದ ಉಂಗುರಗಳಲ್ಲಿ ಮೆದು ಪಟ್ಟಿ ಬೇಗ ಸುಟ್ಟು ಗಡಸು ಪಟ್ಟಿ ತಡೆಯುವುದರಿಂದ ಗೆರೆ ತುಂಡುತುಂಡಾಗಿ ಕಾಣುತ್ತದೆ. ಬಾಸ್‌ವುಡ್, ಬರ್ಚ್‌ಗಳಂತಹ ಸಮರಚನೆಯ ಮರಗಳಲ್ಲಿ ಈ ತೊಡಕು ಕಡಿಮೆ. ತಿಳಿಯಾಗಿ ಸುಟ್ಟ ಬಣ್ಣ ಬಿಸಿಲಿಗೆ ವರ್ಷಗಳಲ್ಲಿ ಮಾಸುತ್ತದೆ. ಹಾಗಾಗಿ ಸಹಿಯ ಗೆರೆ ಸಣ್ಣದಿದ್ದರೂ ತುಸು ಆಳವಾಗಿರಬೇಕು. ಹಲವರು ಹಿಂಬದಿಯಲ್ಲಿ ಹೆಸರಿನ ಜೊತೆಗೆ ಇಸವಿಯನ್ನೂ ಬರೆಯುತ್ತಾರೆ, ಅದು ಒಳ್ಳೆಯ ರೂಢಿ.

ನಿರ್ವಹಣೆ ಮತ್ತು ಎಚ್ಚರಿಕೆ

ಮೊನೆಗೆ ಮಸಿ ಕಟ್ಟಿದರೆ ಶಾಖ ಮರಕ್ಕೆ ಸರಿಯಾಗಿ ತಲುಪುವುದಿಲ್ಲ. ಆಗ ಬಿಸಿ ಹೆಚ್ಚಿಸುವುದು ಹೊಸಬರ ಸಾಮಾನ್ಯ ತಪ್ಪು. ಮೊನೆ ಆರಿದ ಮೇಲೆ ಹಿತ್ತಾಳೆ ಬ್ರಷ್‌ನಿಂದಲೋ ಬಹು ನಯವಾದ ಉಪ್ಪುಕಾಗದದಿಂದಲೋ ಹಗುರವಾಗಿ ಉಜ್ಜಬೇಕು. ಬಣ್ಣ, ವಾರ್ನಿಷ್ ಅಥವಾ ಕೀಟನಾಶಕ ಬಳಿದ ಮರವನ್ನೂ ಅಂಟು ತುಂಬಿದ ಎಂ.ಡಿ.ಎಫ್. ಹಲಗೆಯನ್ನೂ ಸುಡಬಾರದು, ಅವುಗಳ ಹೊಗೆ ವಿಷಕಾರಿ. ಶುದ್ಧ ಮರದ ಹೊಗೆಯೂ ಶ್ವಾಸಕೋಶಕ್ಕೆ ಹಿತವಲ್ಲ, ಗಾಳಿಯಾಡುವ ಜಾಗದಲ್ಲಿಯೇ ಕೆಲಸ ಮಾಡಬೇಕು.