ಹಿರಿಯರಿಗೆ ಸಮುದಾಯ ವಸತಿ: ಸ್ವಂತ ಬಾಗಿಲು, ಸ್ವಂತ ಒಲೆ, ಎಲ್ಲರದೊಂದು ಅಂಗಳ

ಮಂಗಳೂರಿನ ಜೆಪ್ಪುವಿನ ಸಂತ ಅಂತೋನಿ ಆಶ್ರಮವನ್ನಾಗಲಿ, ಬೆಂಗಳೂರಿನ ಹೊಸೂರು ರಸ್ತೆಯಲ್ಲಿ ಲಿಟ್ಲ್ ಸಿಸ್ಟರ್ಸ್ ಆಫ್ ದ ಪೂರ್ ಭಗಿನಿಯರು ನಡೆಸುವ ವೃದ್ಧರ ನಿವಾಸವನ್ನಾಗಲಿ ಕಂಡವರು ಅಲ್ಲಿನ ಸೇವೆಯನ್ನು ಮರೆಯಲಾರರು. ಹಾಸಿಗೆ ಹಿಡಿದವರಿಗೆ, ಯಾರೂ ಇಲ್ಲದವರಿಗೆ ಅಂತಹ ಆಸರೆ ಬೇಕೇ ಬೇಕು. ಆದರೆ ನಮ್ಮ ಧರ್ಮಕೇಂದ್ರಗಳಲ್ಲಿ ಇನ್ನೊಂದು ವರ್ಗದ ಹಿರಿಯರಿದ್ದಾರೆ. ಮಕ್ಕಳು ಕೊಲ್ಲಿ ರಾಷ್ಟ್ರಗಳಲ್ಲೋ ಬೆಂಗಳೂರಿನಲ್ಲೋ ಇದ್ದಾರೆ. ಕೈಕಾಲು ಗಟ್ಟಿಯಿದೆ, ಅಡುಗೆ ತಾವೇ ಮಾಡಿಕೊಳ್ಳುತ್ತಾರೆ. ರಾತ್ರಿ ಬಚ್ಚಲಲ್ಲಿ ಜಾರಿ ಬಿದ್ದರೆ ಬೆಳಗಿನವರೆಗೆ ಯಾರಿಗೂ ಗೊತ್ತಾಗದು ಎಂಬುದೊಂದೇ ಅವರ ಅಂಜಿಕೆ. ಇಂಥವರಿಗೆ ಆಶ್ರಮ ಬೇಡ, ಒಂಟಿ ಮನೆಯೂ ಬೇಡ.

ನಾವು ಸಹಾಯಕ ಗುರುಗಳಾಗಿದ್ದಾಗ ಮೊದಲ ಶುಕ್ರವಾರಗಳಂದು ಪರಮಪ್ರಸಾದ ಕೊಂಡೊಯ್ಯುತ್ತಿದ್ದ ಒಂದು ನಿವಾಸದಲ್ಲಿ ಹಿರಿಯ ಬಾಯಿಯೊಬ್ಬರಿದ್ದರು. ಊಟ, ಮದ್ದು, ಬಟ್ಟೆ ಯಾವುದಕ್ಕೂ ಅವರಿಗೆ ಕೊರತೆಯಿರಲಿಲ್ಲ. ಬಂದ ಪಾದ್ರಿಗೆ ಒಂದು ಗ್ಲಾಸು ಚಾ ಮಾಡಿಕೊಡಲು ತನಗೆ ಒಲೆಯಿಲ್ಲ ಎಂಬುದೊಂದೇ ಪ್ರತಿ ಬಾರಿಯ ದೂರು. ಸಮುದಾಯ ವಸತಿಯ ವಿನ್ಯಾಸ ಆ ಒಲೆಯಿಂದಲೇ ಶುರುವಾಗಬೇಕೆಂದು ನಮ್ಮ ಅಭಿಪ್ರಾಯ. ಪ್ರತಿಯೊಬ್ಬರಿಗೂ ತಮ್ಮದೇ ಬೀಗ ಇರುವ ಬಾಗಿಲು, ಒಂದು ಕೋಣೆ, ಸಣ್ಣ ಅಡುಗೆಮನೆ ಮತ್ತು ಶೌಚಾಲಯ ಸಹಿತ ಬಚ್ಚಲು ಬೇಕು. ಅದರಾಚೆಗೆ ಎಲ್ಲರಿಗೂ ಸೇರಿದ ಅಂಗಳ, ಊಟದ ಚಾವಡಿ, ಬಂಧುಗಳು ಬಂದರೆ ಉಳಿಯಲು ಒಂದು ಅತಿಥಿ ಕೋಣೆ.

ಇದು ಹೊಸ ಕಲ್ಪನೆಯಲ್ಲ. ಜರ್ಮನಿಯ ಆಗ್ಸ್‌ಬರ್ಗ್ ನಗರದಲ್ಲಿ ಯಾಕೊಬ್ ಫುಗ್ಗರ್ ಎಂಬ ಶ್ರೀಮಂತ ವರ್ತಕ 1521ರಲ್ಲಿ ಸ್ಥಾಪಿಸಿದ ‘ಫುಗ್ಗರೈ’ ಇಂದಿಗೂ ನಡೆಯುತ್ತಿದೆ. ವೃದ್ಧರಿಗೆಂದೇ ಕಟ್ಟಿದ್ದಲ್ಲ, ದುಡಿದರೂ ಸಾಲದ ಬಡ ಕಥೋಲಿಕ ಕುಟುಂಬಗಳಿಗಾಗಿ ಕಟ್ಟಿದ್ದು. 67 ಕಟ್ಟಡಗಳಲ್ಲಿ ಸುಮಾರು 140 ವಸತಿಗಳಿವೆ. ವರ್ಷದ ಬಾಡಿಗೆ ಒಂದು ಯೂರೋಗೂ ಕಡಿಮೆ, 88 ಸೆಂಟ್ ಮಾತ್ರ. ಜೊತೆಗೆ ದಿನಕ್ಕೆ ಮೂರು ಪ್ರಾರ್ಥನೆ ಸಲ್ಲಿಸಬೇಕು. ನಮಗೆ ಹಿಡಿಸಿದ್ದು ಅಲ್ಲಿನ ಬಾಗಿಲುಗಳು. ಕೆಳಗಿನ ಮನೆಗೂ ಮೇಲಿನ ಮನೆಗೂ ಬೀದಿಗೆ ತೆರೆಯುವ ಬೇರೆ ಬೇರೆ ಬಾಗಿಲು. ಬೀದಿದೀಪವಿಲ್ಲದ ಕಾಲದಲ್ಲಿ ಕತ್ತಲಲ್ಲಿ ಕೈಯಿಂದ ಮುಟ್ಟಿ ತನ್ನ ಮನೆ ಯಾವುದೆಂದು ತಿಳಿಯಲು ಗಂಟೆಯ ಹಿಡಿಗಳಿಗೂ ಒಂದೊಂದು ಆಕಾರ. ದಾನದ ಮನೆಯಾದರೂ ಇದು ನನ್ನದು ಎನ್ನಲು ಒಂದು ಗುರುತನ್ನು ಐನೂರು ವರ್ಷಗಳ ಹಿಂದೆಯೇ ಕೊಟ್ಟಿದ್ದರು.

ನಮ್ಮ ನಾಡಿನಲ್ಲಿ ಇದಕ್ಕೆ ಹತ್ತಿರವಾದದ್ದು ಹಳೆ ಮೈಸೂರು ಸೀಮೆಯ ವಠಾರ ಮತ್ತು ತೊಟ್ಟಿ ಮನೆ. ಒಂದು ಉದಾಹರಣೆಯಾಗಿ ನೆಲಮಂಗಲ ತಾಲೂಕಿನ ತ್ಯಾಮಗೊಂಡ್ಲುವನ್ನು ತೆಗೆದುಕೊಳ್ಳೋಣ. ಮಂಗಳೂರಿನಿಂದ ಹೋಗುವ ರಾಷ್ಟ್ರೀಯ ಹೆದ್ದಾರಿ 75 ತುಮಕೂರು ರಸ್ತೆಯನ್ನು ಸೇರುವುದು ನೆಲಮಂಗಲದಲ್ಲಿ. ಅಲ್ಲಿಂದ ಮುಂದೆ, ತುಮಕೂರು ರಸ್ತೆಯಿಂದ ಸ್ವಲ್ಪ ಒಳಗಿರುವ ಹೋಬಳಿ ಕೇಂದ್ರ ಇದು. ಪೀಣ್ಯ, ದಾಬಸ್‌ಪೇಟೆ ಕಡೆ ಕೆಲಸದಲ್ಲಿರುವ ಮಕ್ಕಳು ವಾರಕ್ಕೊಮ್ಮೆ ಬಂದು ಹೋಗುವಷ್ಟು ದೂರ. ಇಂತಹ ಊರಿನಲ್ಲಿ ಹನ್ನೆರಡು ಮನೆಗಳ ಒಂದು ಸಮುದಾಯ ವಸತಿ ಕಟ್ಟುವುದಾದರೆ ಅದು ಹೇಗಿರಬೇಕು?

ಮೊದಲು ಜಾಗ. ಊರ ಹೊರಗಿನ ತೋಟದ ಜಮೀನು ಅಗ್ಗಕ್ಕೆ ಸಿಗಬಹುದು. ನಮ್ಮ ಕಡೆಯಾದರೆ ದಾನಿಗಳು ಗುಡ್ಡದ ಮೇಲಿನ ಜಾಗ ಕೊಡುತ್ತಾರೆ. ಎರಡೂ ಬೇಡ. ಅಂಗಡಿ, ಅಂಚೆ ಕಚೇರಿ, ಔಷಧದ ಅಂಗಡಿ, ಬಸ್ ನಿಲ್ದಾಣಕ್ಕೆ ನಡೆದು ಹೋಗುವಂತಿರಬೇಕು. ಸೊಪ್ಪು ತರಲು ಇನ್ನೊಬ್ಬರ ವಾಹನಕ್ಕೆ ಕಾಯಬೇಕಾದ ದಿನವೇ ಸ್ವತಂತ್ರ ಬದುಕು ಮುಗಿಯಿತು. ಹೋಬಳಿ ಕೇಂದ್ರದ ಅನುಕೂಲ ಇರುವುದೇ ಇಲ್ಲಿ. ಬೆಂಗಳೂರಿನ ಕನಕಪುರ ರಸ್ತೆಯ ಬದಿಯ ‘ಸುವಿಧಾ’ದಂತಹ ನಿವೃತ್ತರ ಗ್ರಾಮಗಳಲ್ಲಿ ಬಿಡಿ ಮನೆಗಳೊಂದಿಗೆ ಸೌಕರ್ಯವೆಲ್ಲ ಆವರಣದೊಳಗೇ ಇವೆ. ಅದು ಪಿಂಚಣಿಯುಳ್ಳವರಿಗೆ ಸರಿ. ಸಂಧ್ಯಾ ಸುರಕ್ಷಾ ಯೋಜನೆಯ ಮಾಸಾಶನದಲ್ಲಿ ಬದುಕುವವರಿಗೆ ಊರೇ ಆವರಣವಾಗಬೇಕು.

ಇನ್ನು ಅಂಗಳ. ತೊಟ್ಟಿ ಮನೆಯಲ್ಲಿ ಕೋಣೆಗಳೆಲ್ಲ ನಡುವಿನ ತೆರೆದ ತೊಟ್ಟಿಗೆ ಮುಖ ಮಾಡಿರುತ್ತವೆ. ವಠಾರದಲ್ಲೂ ಹಾಗೆಯೇ, ಸಾಲು ಮನೆಗಳ ನಡುವೆ ಒಂದೇ ಅಂಗಳ. ಬೆಳಿಗ್ಗೆ ಎಂಟಾದರೂ ಒಂದು ಬಾಗಿಲು ತೆರೆಯದಿದ್ದರೆ ಎದುರು ಮನೆಯವರು ಹೋಗಿ ತಟ್ಟುತ್ತಿದ್ದರು. ಯಾವ ಎಚ್ಚರಿಕೆ ಗಂಟೆಯೂ ಇದಕ್ಕೆ ಸಮವಲ್ಲ. ಆದುದರಿಂದ ಪ್ರತಿ ಮನೆಯ ಅಡುಗೆಮನೆ ಕಿಟಕಿ ಅಂಗಳದ ಕಡೆಗಿರಲಿ, ಮಲಗುವ ಕೋಣೆಯ ಕಿಟಕಿ ಹಿಂದಕ್ಕಿರಲಿ. ಆಗ ಕಣ್ಣಿಗೆ ಬೀಳುವುದು, ಬೀಳದಿರುವುದು ಎರಡೂ ವಾಸಿಸುವವರ ಇಚ್ಛೆಗೆ ಬಿಟ್ಟದ್ದು. ವಠಾರದ ಕೆಟ್ಟದ್ದನ್ನು ಮಾತ್ರ ನಕಲು ಮಾಡಬಾರದು. ಸಾಮೂಹಿಕ ಶೌಚಾಲಯ, ಒಂದೇ ನಲ್ಲಿ, ಅದರ ಸುತ್ತಲಿನ ಜಗಳ ನೆನಪಿರುವವರು ಇನ್ನೂ ಇದ್ದಾರೆ. ಹಳೆಯ ತೊಟ್ಟಿಯ ತಗ್ಗೂ ಹಿರಿಯರಿಗೆ ಅಪಾಯ. ನೆಲ ಒಂದೇ ಮಟ್ಟದಲ್ಲಿದ್ದು, ನೀರು ಹರಿಯಲು ಸಣ್ಣ ಇಳಿಜಾರು ಮತ್ತು ಜಾಲರಿ ಮುಚ್ಚಿದ ಚರಂಡಿ ಇದ್ದರೆ ಸಾಕು. ಆ ಬಯಲುಸೀಮೆಯಲ್ಲಿ ಬೀಳುವ ಮಳೆ ನಮ್ಮ ಕರಾವಳಿಯ ಮಳೆಯ ಸುಮಾರು ನಾಲ್ಕನೇ ಒಂದು ಭಾಗವಷ್ಟೇ, ಆದ್ದರಿಂದ ಅಂಗಳ ತೆರೆದಿರಬಹುದು. ಇದೇ ನಕ್ಷೆಯನ್ನು ಇಲ್ಲಿ ಕಟ್ಟುವವರು ಸುತ್ತಲೂ ಆರಡಿ ಅಗಲದ ಹೆಂಚಿನ ಪಡಸಾಲೆ ಸೇರಿಸಲಿ. ಇಲ್ಲವಾದರೆ ಜೂನ್‌ನಿಂದ ಸೆಪ್ಟೆಂಬರ್‌ವರೆಗೆ ಯಾರೂ ಯಾರನ್ನೂ ಕಾಣುವುದಿಲ್ಲ.

ಮನೆಯೊಳಗಿನ ಅಳತೆಗಳ ಬಗ್ಗೆ ಮೇಸ್ತ್ರಿಗಳೊಡನೆ ಮೊದಲೇ ಮಾತಾಡಬೇಕು. ಬಾಗಿಲಿನ ದಾರಿ 900 ಮಿಲಿಮೀಟರ್, ಅಂದರೆ ಸುಮಾರು ಮೂರು ಅಡಿ ಅಗಲ ಇರಬೇಕು. ಗಾಲಿಕುರ್ಚಿ ತಿರುಗಲು 1500 ಮಿಲಿಮೀಟರ್, ಸುಮಾರು ಐದು ಅಡಿ ಸುತ್ತಳತೆಯಲ್ಲ, ಅಡ್ಡಳತೆ ಬೇಕು. (ಈ ತಪ್ಪು ಆಗುವುದುಂಟು.) ಇಳಿಜಾರು ದಾರಿಗೆ ಒಂದು ಅಡಿ ಎತ್ತರಕ್ಕೆ ಹನ್ನೆರಡು ಅಡಿ ಉದ್ದ. ಹೊಸ್ತಿಲು ಬೇಡ, ಸಂಪ್ರದಾಯಕ್ಕೆ ಬೇಕೇ ಬೇಕೆಂದರೆ ನೆಲಮಟ್ಟದಲ್ಲಿ ಒಂದು ಮರದ ಪಟ್ಟಿ ಕೂರಿಸಲಿ. ಹೊಳೆಯುವ ಟೈಲ್ಸ್ ಉದ್ಘಾಟನೆಯ ದಿನ ಚೆನ್ನಾಗಿ ಕಾಣುತ್ತವೆ, ಒದ್ದೆಯಾದಾಗ ಸೊಂಟ ಮುರಿಯುತ್ತವೆ. ಬಚ್ಚಲ ಬಾಗಿಲು ಹೊರಕ್ಕೆ ತೆರೆಯಬೇಕು, ಏಕೆಂದರೆ ಒಳಗೆ ಬಿದ್ದವರೇ ಬಾಗಿಲಿಗೆ ಅಡ್ಡವಾಗುತ್ತಾರೆ. ಚಿಲಕ ಹೊರಗಿನಿಂದಲೂ ತೆಗೆಯುವಂತಿರಲಿ. ಕಮೋಡಿನ ಪಕ್ಕ ಹಿಡಿದುಕೊಳ್ಳುವ ಸರಳನ್ನು ಗೋಡೆಯೊಳಗೆ ಭದ್ರವಾಗಿ ಕೂರಿಸಬೇಕು. ಟವೆಲ್ ಹಾಕುವ ರಾಡು ಮನುಷ್ಯನ ಭಾರ ತಡೆಯದು. ಅರುವತ್ತರ ಕಣ್ಣಿಗೆ ಇಪ್ಪತ್ತರ ಕಣ್ಣಿಗಿಂತ ಸುಮಾರು ಮೂರು ಪಟ್ಟು ಬೆಳಕು ಬೇಕು, ಹಾಸಿಗೆಯಿಂದ ಬಚ್ಚಲಿನವರೆಗೆ ರಾತ್ರಿದೀಪ ಮರೆಯಬೇಡಿ.

ಪ್ರತಿ ಬಾಗಿಲ ಹೊರಗೆ ಒಂದು ಜಗಲಿ ಬೇಕು. ಒಂದೂವರೆ ಅಡಿ ಎತ್ತರ, ಒರಗಲು ಗೋಡೆ. ಖರ್ಚು ಕಡಿಮೆ ಮಾಡುವಾಗ ಮೊದಲು ಕೈಬಿಡುವುದು ಇದನ್ನೇ, ಚಾವಡಿಯನ್ನಾದರೂ ಚಿಕ್ಕದು ಮಾಡಿ ಇದನ್ನು ಉಳಿಸಿರಿ.

ಕಟ್ಟಡಕ್ಕಿಂತ ಕಷ್ಟದ ಕೆಲಸ ಜನರನ್ನು ಕೂಡಿಸುವುದು. ಲಂಡನ್ನಿನ ಹೈ ಬಾರ್ನೆಟ್‌ನಲ್ಲಿ ಐವತ್ತು ದಾಟಿದ ಮಹಿಳೆಯರೇ ಸೇರಿ ‘ನ್ಯೂ ಗ್ರೌಂಡ್’ ಎಂಬ 25 ಮನೆಗಳ ವಸತಿ ನಿರ್ಮಿಸಿದ್ದಾರೆ. 1998ರಲ್ಲಿ ಗುಂಪು ಕಟ್ಟಿದವರು ಒಳಗೆ ಕಾಲಿಟ್ಟದ್ದು 2016ರಲ್ಲಿ. ಹದಿನೆಂಟು ವರ್ಷ! ಅಷ್ಟರಲ್ಲಿ ಅವರಿಗೆ ಪರಸ್ಪರರ ಸಿಟ್ಟು, ಹಟ, ಒಳ್ಳೆಯತನ ಎಲ್ಲವೂ ತಿಳಿದಿತ್ತು. 17 ಮನೆಗಳು ಕೊಂಡವರಿಗೆ, 8 ಮನೆಗಳು ಕಡಿಮೆ ಬಾಡಿಗೆಗೆ. ಉಳ್ಳವರು ಇಲ್ಲದವರು ಒಂದೇ ಅಂಗಳದಲ್ಲಿದ್ದಾರೆ. ನಾವು ಸಾಮಾನ್ಯವಾಗಿ ಇದರ ತದ್ವಿರುದ್ಧ ಮಾಡುತ್ತೇವೆ. ಮೊದಲು ಕಟ್ಟಡ, ಆಮೇಲೆ ಅಮೃತಶಿಲೆಯ ಫಲಕ, ಕೊನೆಗೆ ಜನ. ವಾಳೆಯ ಗುರಿಕಾರರು ಅಥವಾ ಸಂತ ವಿನ್ಸೆಂಟ್ ದಿ ಪಾವ್ಲ್ ಸಭೆಯವರು ಆಸಕ್ತ ಹಿರಿಯರನ್ನು ಮೊದಲು ತಿಂಗಳಿಗೊಮ್ಮೆ ಒಟ್ಟಿಗೆ ಊಟಕ್ಕೆ ಕೂರಿಸಿ, ನಕ್ಷೆಯನ್ನು ಅವರ ಎದುರೇ ಬಿಡಿಸಿದರೆ ಅರ್ಧ ತಪ್ಪು ಕಾಗದದಲ್ಲೇ ತಿದ್ದಲ್ಪಡುತ್ತದೆ.

ಕಾನೂನಿನ ವಿಷಯ ಸಂಕ್ಷಿಪ್ತವಾಗಿ. 2007ರ ಪೋಷಕರ ಹಾಗೂ ಹಿರಿಯ ನಾಗರಿಕರ ಪಾಲನೆ ಮತ್ತು ಕಲ್ಯಾಣ ಕಾಯ್ದೆಯ 19ನೆಯ ಕಲಮು ಜಿಲ್ಲೆಗೊಂದರಂತೆ, ಕನಿಷ್ಠ 150 ನಿರ್ಗತಿಕ ಹಿರಿಯರಿಗೆ ಸ್ಥಳವಿರುವ ವೃದ್ಧಾಶ್ರಮದ ಮಾತಾಡುತ್ತದೆ. ಹನ್ನೆರಡು ಮನೆಗಳ ಅಂಗಳ ಅದರ ಕಲ್ಪನೆಯಲ್ಲಿಲ್ಲ. ನಿವೃತ್ತರ ವಸತಿಗಳ ಕುರಿತು ಕೇಂದ್ರ ವಸತಿ ಸಚಿವಾಲಯ 2019ರಲ್ಲಿ ಮಾದರಿ ಮಾರ್ಗಸೂಚಿ ಹೊರಡಿಸಿದೆ, ನಕ್ಷೆ ಮಾಡುವ ಇಂಜಿನಿಯರರು ಅದನ್ನು ಓದಬೇಕು. ಹಿರಿಯರು ತಿಳಿದಿರಬೇಕಾದದ್ದು ಅದೇ ಕಾಯ್ದೆಯ 23ನೆಯ ಕಲಮು. ನೋಡಿಕೊಳ್ಳುವ ಷರತ್ತಿನ ಮೇಲೆ ಮಕ್ಕಳಿಗೆ ಆಸ್ತಿ ಬರೆದುಕೊಟ್ಟು, ಅವರು ನೋಡಿಕೊಳ್ಳದಿದ್ದರೆ ಆ ಪತ್ರವನ್ನು ರದ್ದುಪಡಿಸಲು ಉಪವಿಭಾಗಾಧಿಕಾರಿಗಳ ನ್ಯಾಯಮಂಡಳಿಗೆ ಅರ್ಜಿ ಹಾಕಬಹುದು. ಷರತ್ತನ್ನು ಪತ್ರದಲ್ಲೇ ಸ್ಪಷ್ಟವಾಗಿ ಬರೆಸುವುದು ಮೇಲು. ಹಳೆಯ ಮನೆ ಮಾರಿ ಅಥವಾ ಬಿಟ್ಟುಕೊಟ್ಟು ಹೊಸ ವಸತಿಗೆ ಬರುವ ಮುನ್ನ ವಕೀಲರನ್ನು ಕಾಣಿರಿ.

ವಸತಿಯ ಒಪ್ಪಂದವೂ ಕನ್ನಡದಲ್ಲಿ, ದೊಡ್ಡ ಅಕ್ಷರದಲ್ಲಿ ಇರಲಿ. ಠೇವಣಿ ಎಷ್ಟು, ಬಿಟ್ಟು ಹೋದರೆ ಎಷ್ಟು ಹಿಂದಿರುಗುತ್ತದೆ, ದಂಪತಿಗಳಲ್ಲಿ ಒಬ್ಬರು ತೀರಿಹೋದರೆ ಇನ್ನೊಬ್ಬರ ಹಕ್ಕೇನು, ಎರಡನೆಯ ಕೀಲಿಕೈ ಯಾರ ಬಳಿ ಇರುತ್ತದೆ ಎಂಬುದನ್ನು ಬರೆಯಬೇಕು. ಹಾಸಿಗೆ ಹಿಡಿದ ಮೇಲೆ ಎಷ್ಟು ಕಾಲ ಅಲ್ಲೇ ಇರಬಹುದು, ನರ್ಸಿನ ಖರ್ಚು ಯಾರದು, ಬೇರೆಡೆಗೆ ಸಾಗಿಸುವ ತೀರ್ಮಾನ ಯಾರು ಮಾಡಬೇಕು ಎಂಬುದನ್ನು ಹಿರಿಯರು ಆರೋಗ್ಯವಾಗಿರುವಾಗಲೇ ಅವರಿಂದಲೇ ಕೇಳಿ ದಾಖಲಿಸಬೇಕು. ಹಿರಿಯರ ರಾಷ್ಟ್ರೀಯ ಸಹಾಯವಾಣಿ ಸಂಖ್ಯೆ 14567. ಅದನ್ನು ಪ್ರತಿ ಮನೆಯ ಫೋನಿನ ಬಳಿ ದಪ್ಪ ಅಕ್ಷರದಲ್ಲಿ ಬರೆದು ಅಂಟಿಸಬಹುದು.