ಕಾಡಿನ ಕಾನೂನು ಯಾರನ್ನು ಕಾಯಬೇಕು?

ಅಂತರಸಂತೆಯ ಮೇಲೆ ಹಾದು ಮಾನಂದವಾಡಿಗೆ ಹೋಗುವ ಕಾಡಿನ ರಸ್ತೆ ಸಂಜೆ 6ಕ್ಕೆ ಮುಚ್ಚಿದರೆ ತೆರೆಯುವುದು ಬೆಳಿಗ್ಗೆ 6ಕ್ಕೆ. ತಡವಾಗಿ ಬಂದವರು ಗೇಟಿನ ಮುಂದೆ ಗೊಣಗುವುದು ಸಹಜ. ನಿಯಮ ಎಂದಾಗ ನಮಗೆ ಮೊದಲು ಕಾಣುವುದು ಅದರ ತಡೆ. ಅದು ಯಾರನ್ನು ಕಾಯುತ್ತಿದೆ ಎಂಬುದು ಕಾಣಬೇಕಾದರೆ ಸ್ವಲ್ಪ ಇತಿಹಾಸ ತಿಳಿಯಬೇಕು.

ಒಂದು ಕಾಲದಲ್ಲಿ ಇದೇ ಸೀಮೆಯ ಕಾಕನಕೋಟೆ ಖೆಡ್ಡಾಕ್ಕೆ ಹೆಸರಾಗಿತ್ತು. ತಮಟೆ ಬಡಿದು, ಕೂಗೆಬ್ಬಿಸಿ, ಕಾಡಾನೆಗಳ ಹಿಂಡನ್ನೇ ಕಬಿನಿ ಹೊಳೆ ದಾಟಿಸಿ ಹಿಡಿಯುತ್ತಿದ್ದರು. ಅರಸರ ಅತಿಥಿಗಳಿಗೆ ಅದೊಂದು ನೋಟ. ಕೊನೆಯ ಖೆಡ್ಡಾ ನಡೆದದ್ದು 1971ರಲ್ಲಿ. ಮರುವರ್ಷವೇ, 1972ರಲ್ಲಿ, ವನ್ಯಜೀವಿ ಸಂರಕ್ಷಣಾ ಕಾಯಿದೆ ಬಂತು. ಕೋವಿ ಇದ್ದವನದೇ ಕಾಡು ಎಂಬ ಕಾಲ ಮುಗಿಯಿತು. ಇಂದು ಕಬಿನಿಯ ಹಿನ್ನೀರಿಗೆ ಆನೆಗಳು ಹಿಂಡು ಹಿಂಡಾಗಿ ಇಳಿಯುತ್ತಿದ್ದರೆ ಅದರ ಹಿಂದೆ ಆ ಕಾನೂನಿದೆ.

ಆದರೆ ಕಾಡನ್ನು ಕಾದ ನಿಯಮದ ಭಾರ ಬಿದ್ದದ್ದು ಯಾರ ಹೆಗಲಿಗೆ? ತಲೆಮಾರುಗಳಿಂದ ಕಾಡಿನಲ್ಲೇ ಬದುಕಿದ್ದ ಜೇನುಕುರುಬರು, ಬೆಟ್ಟಕುರುಬರು, ಯರವರು ತಮ್ಮ ಹಾಡಿಗಳನ್ನು ಬಿಟ್ಟು ಹೊರಬರಬೇಕಾಯಿತು. ಜೇನು, ಗೆಡ್ಡೆ, ಹಿರಿಯರ ಸಮಾಧಿ ಎಲ್ಲವೂ ಬೇಲಿಯ ಆಚೆ ಉಳಿದವು. ಅದೇ ನಾಗರಹೊಳೆಯಲ್ಲಿ ದೊಡ್ಡ ಹೋಟೆಲ್ ಸಂಸ್ಥೆಯೊಂದಕ್ಕೆ ಪ್ರವಾಸಿ ವಸತಿ ನಡೆಸಲು ಕಾಡಿನೊಳಗೆ ಜಾಗ ಸಿಕ್ಕಿತು. ಹಾಡಿಯ ಜನ ಸುಮ್ಮನಿರಲಿಲ್ಲ. ಹೋರಾಟ ಮಾಡಿದರು, ನ್ಯಾಯಾಲಯದ ಮೆಟ್ಟಿಲೇರಿದರು. 1997ರಲ್ಲಿ ರಾಜ್ಯದ ಹೈಕೋರ್ಟು ಆ ಗುತ್ತಿಗೆ ಕಾನೂನಿಗೆ ವಿರುದ್ಧವೆಂದು ತೀರ್ಪು ಕೊಟ್ಟಿತು. ಬಡವನನ್ನು ಹೊರಗಿಟ್ಟ ಕಾನೂನೇ ಸಿರಿವಂತನನ್ನೂ ತಡೆಯಿತು.

ಮುಂದೆ 2006ರಲ್ಲಿ ಅರಣ್ಯ ಹಕ್ಕುಗಳ ಕಾಯಿದೆ ಬಂತು. ಅರಣ್ಯವಾಸಿಗಳಿಗೆ ಐತಿಹಾಸಿಕ ಅನ್ಯಾಯವಾಗಿದೆ ಎಂದು ಕಾಯಿದೆಯ ಪೀಠಿಕೆಯೇ ಒಪ್ಪಿಕೊಂಡಿತು. 2005ರ ಡಿಸೆಂಬರ್ 13ಕ್ಕೆ ಮುಂಚಿನಿಂದ ಉಳುತ್ತಿದ್ದ ಭೂಮಿಗೆ, 4 ಹೆಕ್ಟೇರ್ ಮೀರದಂತೆ, ಹಕ್ಕು ಕೇಳಬಹುದು. ಆ ಅರ್ಜಿಯನ್ನು ಮೊದಲು ಪರಿಶೀಲಿಸುವ ಅಧಿಕಾರ ಗ್ರಾಮಸಭೆಯದು. ಅರ್ಜಿ ಹಿಡಿದು ಅಲೆಯುವವರು ಇನ್ನೂ ಇದ್ದಾರೆ, ನಿಜ. ಆದರೆ ಕೇಳಲು ಒಂದು ಬಾಗಿಲಿದೆ. ಕಾನೂನೇ ಇಲ್ಲದಿದ್ದರೆ ಅವರು ಯಾರ ಬಾಗಿಲು ತಟ್ಟಬೇಕಿತ್ತು?

ಈ ಪ್ರಶ್ನೆ ನಮ್ಮ ಇತಿಹಾಸಕ್ಕೆ ಹೊಸದಲ್ಲ. ಪ್ರವಾದಿ(ಸ) ಮದೀನಾದ ಸುತ್ತಲಿನ ಪ್ರದೇಶವನ್ನು ಪವಿತ್ರವೆಂದು ಸಾರಿ, ಅಲ್ಲಿ ಮರ ಕಡಿಯುವುದನ್ನೂ ಬೇಟೆಯಾಡುವುದನ್ನೂ ನಿಷೇಧಿಸಿದರು. ಖಲೀಫಾ ಉಮರ್(ರ)ರ ಕಾಲದಲ್ಲಿ 'ಹಿಮಾ' ಎಂಬ ಕಾವಲಿನ ಹುಲ್ಲುಗಾವಲು ಇತ್ತು. ಅದರ ಮೇಲ್ವಿಚಾರಣೆಗೆ ಹುನೈ ಎಂಬವರನ್ನು ನೇಮಿಸಿದಾಗ ಉಮರ್(ರ) ನೀಡಿದ ಸೂಚನೆ ಸಹೀಹ್ ಬುಖಾರಿಯಲ್ಲಿದೆ. ಅದರ ಸಾರಾಂಶ ಇಷ್ಟು: ನಾಲ್ಕಾರು ಒಂಟೆ, ನಾಲ್ಕಾರು ಕುರಿ ಇರುವವನನ್ನು ಒಳಗೆ ಬಿಡು. ಉಸ್ಮಾನ್ ಬಿನ್ ಅಫ್ಫಾನ್ ಮತ್ತು ಅಬ್ದುರ್ರಹ್ಮಾನ್ ಬಿನ್ ಔಫ್‌ರ ಹಿಂಡುಗಳ ವಿಷಯದಲ್ಲಿ ಎಚ್ಚರವಿರಲಿ. ಅವರ ಜಾನುವಾರು ಸತ್ತರೂ ಅವರಿಗೆ ತೋಟ, ಹೊಲಗಳಿವೆ. ಬಡವನ ಜಾನುವಾರು ಸತ್ತರೆ ಅವನು ಮಕ್ಕಳನ್ನು ಕಟ್ಟಿಕೊಂಡು ನನ್ನ ಮುಂದೆ ಬಂದು ನಿಲ್ಲುತ್ತಾನೆ.

ಆ ಇಬ್ಬರೂ ಪ್ರವಾದಿ(ಸ)ಯವರ ಆಪ್ತ ಸಂಗಾತಿಗಳು, ಗೌರವಾನ್ವಿತರು. ಆದರೂ ಹುಲ್ಲುಗಾವಲಿನ ಗೇಟಿನಲ್ಲಿ ಅವರ ಹೆಸರು ನಡೆಯಲಿಲ್ಲ.

ಬಲವುಳ್ಳವನಿಗೆ ಕಾನೂನು ಇಲ್ಲದಿದ್ದರೂ ನಡೆಯುತ್ತದೆ. ಅವನಿಗೆ ತೋಳಿದೆ, ಹಣವಿದೆ, ಪರಿಚಯವಿದೆ. ಏನೂ ಇಲ್ಲದವನಿಗೆ ಇರುವುದು ಕಾನೂನು ಮಾತ್ರ. ಆದ್ದರಿಂದ ನಮ್ಮ ಜಮಾಅತಿನ ನಿಯಮಗಳನ್ನೂ ಇದೇ ತಕ್ಕಡಿಯಲ್ಲಿ ತೂಗೋಣ. ಮದುವೆಯ ದುಂದುವೆಚ್ಚ ಬೇಡ ಎಂಬ ತೀರ್ಮಾನ ಕೂಲಿಯವನ ಮನೆಗೆ ಮಾತ್ರವೋ, ಸಾಹುಕಾರರ ಶಾದಿಮಹಲಿಗೂ ಉಂಟೋ? ಆಸ್ತಿಯಲ್ಲಿ ಅಕ್ಕತಂಗಿಯರ ಪಾಲು ನಮ್ಮ ಬಾಯಿಮಾತಿನಲ್ಲಿದೆಯೋ, ಕಾಗದದಲ್ಲಿದೆಯೋ? ಈ ಪ್ರಶ್ನೆಗಳಿಗೆ ನಾವು ಕೊಡುವ ಉತ್ತರದಲ್ಲೇ ನಮ್ಮ ನಿಯಮದ ಬೆಲೆ ಇದೆ.